ಅಡ್ವಾನ್ಸ್ ಎಷ್ಟು ಕಟ್ಟಬೇಕು ಸಾರ್?

ಡಾಕ್ಟ್ರು ‘ಅಡ್ವಾನ್ಸ್ಡ್ ಸ್ಟೇಜು’ ಅಂದ್ರು. ನಮ್ಮಪ್ಪ ಅಂಗಿಯ ಜೇಬು ಮುಟ್ಟಿ ನೋಡಿಕೊಂಡು ‘ಅಡ್ವಾನ್ಸ್ ಎಷ್ಟು ಕಟ್ಟಬೇಕು ಸಾರ್?’ ಅಂತ ಕೇಳಿದ. ಪೀಣ್ಯದಲ್ಲಿ ಹತ್ತೊಂಬತ್ತು ವರ್ಷ ದುಡಿದವನಿಗೆ ಆ ಪದಕ್ಕೆ ಇದ್ದದ್ದು ಅದೊಂದೇ ಅರ್ಥ. ಶೀಟಿನ ಮನೆಗೆ ಅಡ್ವಾನ್ಸು, ತಂಗಿಯ ಮದುವೆಗೆ ಅಡ್ವಾನ್ಸು, ಮಾರಮ್ಮನ ಹಬ್ಬಕ್ಕೆ ಊರಿಗೆ ಹೋಗಲು ಮೇಸ್ತ್ರಿ ಕೊಡುವ ಅಡ್ವಾನ್ಸು, ಆಮೇಲೆ ಆರು ತಿಂಗಳು ಸಂಬಳದಲ್ಲಿ ಅದನ್ನು ಕಚ್ಚಿ ಕಚ್ಚಿ ಹಿಡಿಯೋದು. ಡಾಕ್ಟ್ರು ನಗಲಿಲ್ಲ, ಅದು ಅವರ ಒಳ್ಳೇತನ. ಬಿಎ ಮುಗಿಸಿದ ಮಗ ನಾನು, ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು, ಕನ್ನಡದಲ್ಲಿ ಬಿಡಿಸಿ ಹೇಳಿದೆ: ‘ದುಡ್ಡಲ್ಲ ಕಣಪ್ಪ, ಕಾಯಿಲೆ ಮುಂದುವರಿದಿದೆ ಅಂತ.’

ಮುಂದುವರಿದಿದೆ! ಈ ನಾಡಿನಲ್ಲಿ ಮುಂದುವರಿದವರು ಯಾರು, ಹಿಂದುಳಿದವರು ಯಾರು, ಅವರಿಗಿಂತಲೂ ಹಿಂದೆ ಊರಾಚೆ ಉಳಿದವರು ಯಾರು ಅಂತ ಆಯೋಗಗಳು ಕೂತು ಪಟ್ಟಿ ಮಾಡಿವೆ. ಹೊಲದಲ್ಲಿ ಹಿಂದೆ, ಶಾಲೆಯಲ್ಲಿ ಹಿಂದೆ, ಕೂಲಿಯಲ್ಲಿ ಹಿಂದೆ, ನೀರಿನ ನಲ್ಲಿಯ ಮುಂದೆ ಕೂಡ ಹಿಂದೆ. ಎಲ್ಲದರಲ್ಲೂ ಹಿಂದೆ ಬಿದ್ದ ಮನುಷ್ಯನ ಹೊಟ್ಟೆಯೊಳಗೆ ಕ್ಯಾನ್ಸರ್ ಒಂದು ಮಾತ್ರ ಹೇಗೆ ಮುಂದುವರಿಯಿತು? ಯಾರು ಅದನ್ನು ಮುಂದುವರಿಸಿದರು?

‘ನಮ್ಮ ಪತ್ರಿಕೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಾ? ಅದು ಡಾಕ್ಟ್ರುಗಳ ವಿಷಯ. ಭೂಮಿ ಬಗ್ಗೆ ಬರಿ, ಮೀಸಲಾತಿ ಬಗ್ಗೆ ಬರಿ’ ಅಂತ ಸಂಘಟನೆಯ ಹಿರಿಯರೊಬ್ಬರು ಅಂದರು. ಗೌರವ ಇಟ್ಟುಕೊಂಡೇ ಹೇಳ್ತೀನಿ ಅಣ್ಣ, ಇದೂ ಭೂಮಿಯ ವಿಷಯವೇ. ಊರಲ್ಲಿ ಒಂದು ಗುಂಟೆ ಇಲ್ಲದ್ದಕ್ಕೆ ತಾನೇ ಅಪ್ಪ ಮಧುಗಿರಿ ಕಡೆಯಿಂದ ಬಸ್ಸು ಹತ್ತಿ ತುಮಕೂರು ರಸ್ತೆಯಲ್ಲಿ ಇಳಿದದ್ದು? ಪ್ಲೇಟಿಂಗ್ ಶೆಡ್ಡಿನಲ್ಲಿ ಆಸಿಡ್ಡಿನ ತೊಟ್ಟಿಗೆ ಕಬ್ಬಿಣ ಅದ್ದಿ ಎತ್ತುವ ಕೆಲಸಕ್ಕೆ ಬಂದವರೆಲ್ಲ ಯಾವ ಕೇರಿಯವರು ಅಂತ ಕೇಳಿ ನೋಡಿ. ಆ ಕೆಲಸಕ್ಕೆ ಯಾರೂ ಮೀಸಲಾತಿ ಕೊಡಬೇಕಾಗಿಲ್ಲ, ನೂರಕ್ಕೆ ನೂರು ನಮಗೇ ಇದೆ.

ಈಗ ಕಾಯಿಲೆಗೆ ಬರ್ತೀನಿ. ಲಿವರ್ ಕ್ಯಾನ್ಸರ್. ಪಠ್ಯಪುಸ್ತಕ ಆ ಅಂಗವನ್ನು ಪಿತ್ತಜನಕಾಂಗ ಅನ್ನುತ್ತೆ, ಪಂಡಿತರು ಯಕೃತ್ತು ಅಂತಾರೆ. ನಮ್ಮ ಕೇರಿಗೆ ಅದು ಈಲಿ. ಗುಡ್ಡೆ ಬಾಡು ಹಾಕುವಾಗ ಈಲಿಯನ್ನು ಎಣಿಸಿ ಕೊಯ್ದು ಎಲ್ಲ ಗುಡ್ಡೆಗೂ ಒಂದೊಂದು ಚೂರು ಇಡ್ತಾರೆ. ಗಂಡು ದಿಕ್ಕಿಲ್ಲದ ಮನೆಯ ಗುಡ್ಡೆಗೂ ಅಷ್ಟೇ, ಯಜಮಾನನ ಗುಡ್ಡೆಗೂ ಅಷ್ಟೇ. ನಾನು ಕಣ್ಣಾರೆ ಕಂಡ ಮೊದಲ ಸಮಪಾಲು ಅದು. ಅದೇ ಈಲಿ ಕೆಟ್ಟಾಗ ಬೆಂಗಳೂರು ಹೇಗೆ ಗುಡ್ಡೆ ಹಾಕುತ್ತೆ ಅನ್ನೋದನ್ನು 2022ರಲ್ಲಿ ನೋಡಿದೆ.

ಮೊದಲ ದಿನ, ಒಂದು ಆಸ್ಪತ್ರೆಯ ಮೊದಲ ಮೇಜು, ಮೊದಲ ಪ್ರಶ್ನೆ: ‘ಎಷ್ಟು ವರ್ಷದಿಂದ ಕುಡೀತಿದೀಯ?’ ಕುಡೀತೀಯಾ ಅಂತ ಅಲ್ಲ ಸ್ವಾಮಿ, ಎಷ್ಟು ವರ್ಷದಿಂದ ಅಂತ. ಹೆಸರು, ಊರು, ಕೆಲಸ ಬರೆದುಕೊಂಡ ಕೈಗೆ ಉತ್ತರ ಮೊದಲೇ ಗೊತ್ತಿತ್ತು. ಅಪ್ಪ ಕುಡೀತಿರಲಿಲ್ಲ. ಅವರಪ್ಪ ಕುಡಿದು ಇದ್ದೊಂದು ಎಮ್ಮೆಯನ್ನೂ ಮಾರಿದ್ದಕ್ಕೆ ಹಟ ಹಿಡಿದು ಬಿಟ್ಟವನು ಅವನು. ‘ಇಲ್ಲ’ ಅಂದ. ಆ ಕೈ ನಂಬಲಿಲ್ಲ, ‘ಕುಡಿತ: ನಿರಾಕರಿಸುತ್ತಾರೆ’ ಅನ್ನೋ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಏನೋ ಗೀಚಿತು. ಮೂರು ದಿನ ಬಿಟ್ಟು ರಕ್ತದ ವರದಿ ಬಂತು: ಹೆಪಟೈಟಿಸ್ ಬಿ. ಕುಡಿತಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದೊಂದು ವೈರಸ್ಸು. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ, ಕುದಿಸದ ಸೂಜಿಯಿಂದ, ಪರೀಕ್ಷೆ ಮಾಡದ ರಕ್ತದಿಂದ, ಲೈಂಗಿಕ ಸಂಪರ್ಕದಿಂದ ದಾಟುತ್ತೆ. ಒಳಗೆ ಸೇರಿ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕೂತು ಈಲಿಯನ್ನು ಗಾಯ ಮಾಡಿ, ಗಂಟು ಗಂಟು ಮಾಡಿ, ಕೊನೆಗೆ ಗಡ್ಡೆ ಎಬ್ಬಿಸುತ್ತೆ. ಅಪ್ಪನಿಗೆ ಎಲ್ಲಿಂದ ಬಂತು ಅಂತ ಹೇಳಲು ಯಾರಿಂದಲೂ ಆಗಲ್ಲ. ನಮ್ಮೂರಿಗೆ ಸೈಕಲ್ಲಲ್ಲಿ ಬರ್ತಿದ್ದ ಸೂಜಿ ಡಾಕ್ಟ್ರ ಡಬ್ಬಿಯಲ್ಲಿ ಇಡೀ ಕೇರಿಗೆ ಎರಡೇ ಸೂಜಿ ಇತ್ತು ಅನ್ನೋದನ್ನು ಅವ್ವ ಮಾತ್ರ ನೆನಪಿಟ್ಟುಕೊಂಡಿದ್ದಾಳೆ.

ಸರಿ, ಕುಡಿದಿದ್ದರೆ? ಕುಡಿದವನ ಈಲಿ ಈಲಿಯಲ್ಲವೋ? ನಮ್ಮ ಚಿಕ್ಕಪ್ಪ ಕುಡಿದೇ ಸತ್ತ, ಅದನ್ನು ಮುಚ್ಚಿಡೋದಿಲ್ಲ. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಅಂತ ದಲಿತ ಸಂಘರ್ಷ ಸಮಿತಿ ಬೀದಿಯಲ್ಲಿ ನಿಂತು ಕೂಗಿತು. 2007ರ ಜುಲೈಯಲ್ಲಿ ಸರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವುದು ಗುರಿ ಅಂತ ಸರ್ಕಾರ ಬರೆದುಕೊಂಡಿತು. ಗುರಿ ಇಟ್ಟು ಕುಡಿಸುವವರ ಮುಖಕ್ಕಿಲ್ಲದ ನಾಚಿಕೆ ಕುಡಿದವನ ಚೀಟಿಯ ಮೇಲೆ ಯಾಕೆ? ಬಾರಿನಲ್ಲಿ ಗಿರಾಕಿ, ಆಸ್ಪತ್ರೆಯಲ್ಲಿ ಅಪರಾಧಿ!

ಈ ವೈರಸ್ಸಿನ ಕತೆಯನ್ನು ಮೇಷ್ಟ್ರುಗಳು ತರಗತಿಯಲ್ಲಿ ಹೇಳಬೇಕು, ಅದಕ್ಕೇ ಸ್ವಲ್ಪ ನಿಲ್ಲಿಸಿ ಬರೀತೀನಿ. ಬ್ಲಂಬರ್ಗ್ ಅನ್ನುವ ಅಮೆರಿಕದ ವಿಜ್ಞಾನಿ ಇದರ ಸುಳಿವು ಹಿಡಿದದ್ದು 1960ರ ದಶಕದಲ್ಲಿ, ನೊಬೆಲ್ ಬಂದದ್ದು 1976ರಲ್ಲಿ. ತೈವಾನ್ 1984ರಲ್ಲೇ ಹುಟ್ಟುವ ಕೂಸುಗಳಿಗೆ ಲಸಿಕೆ ಹಾಕಲು ಶುರು ಮಾಡಿತು. ಅಲ್ಲಿ ಮಕ್ಕಳಿಗೆ ಬರುತ್ತಿದ್ದ ಲಿವರ್ ಕ್ಯಾನ್ಸರ್ ಇಳಿಯಿತು ಅಂತ 1997ರಲ್ಲಿ ಲೆಕ್ಕ ಸಮೇತ ಜಗತ್ತಿಗೆ ತೋರಿಸಿತು. ಕ್ಯಾನ್ಸರನ್ನು ಲಸಿಕೆಯಿಂದ ತಡೆಯಬಹುದು ಅಂತ ಮನುಷ್ಯಕುಲಕ್ಕೆ ಗೊತ್ತಾದದ್ದು ಈ ಈಲಿಯಿಂದಲೇ. ಅದೇ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ನಮ್ಮ ದೇಶದಲ್ಲೇ ಲಸಿಕೆ ತಯಾರಿಸಿತು. ಪಕ್ಕದ ಊರಲ್ಲಿ ಲಸಿಕೆ! ಆದರೂ ಅದು ದೇಶದ ಎಲ್ಲ ಕೂಸುಗಳ ಸರ್ಕಾರಿ ಪಟ್ಟಿಗೆ ಸೇರಿದ್ದು 2011ರಲ್ಲಿ. ತೈವಾನಿಗೂ ನಮಗೂ ನಡುವೆ 27 ವರ್ಷ. ಆ 27 ವರ್ಷದಲ್ಲಿ ಹುಟ್ಟಿದವರು ಇವತ್ತು ವೈಟ್‌ಫೀಲ್ಡಿನಲ್ಲಿ ನೆಲ ಒರೆಸುತ್ತಿದ್ದಾರೆ, ಕಸದ ಆಟೊದ ಹಿಂದೆ ನಿಂತು ಹೋಗ್ತಾ ಇದ್ದಾರೆ, ಎಲೆಕ್ಟ್ರಾನಿಕ್ ಸಿಟಿಯ ಗೇಟಿನಲ್ಲಿ ಸೆಲ್ಯೂಟ್ ಹೊಡೀತಾ ಇದ್ದಾರೆ. ದೇಶದಲ್ಲಿ ಸುಮಾರು 4 ಕೋಟಿ ಜನರ ಮೈಯಲ್ಲಿ ಈ ವೈರಸ್ಸಿದೆ ಅಂತ ಸರ್ಕಾರದ ಕಾಗದವೇ ಹೇಳುತ್ತೆ.

ಇನ್ನೊಂದನ್ನು ಹೇಳದಿದ್ದರೆ ಊಟ ಸೇರೋದಿಲ್ಲ. ಹೆಪಟೈಟಿಸ್ ಬಿ ಒಟ್ಟಿಗೆ ಉಂಡರೆ ಬರಲ್ಲ. ಒಂದೇ ಲೋಟದಲ್ಲಿ ಕುಡಿದರೆ ಬರಲ್ಲ. ಕೈ ಹಿಡಿದರೆ, ಪಕ್ಕ ಕೂತರೆ ಬರಲ್ಲ. ಅಪ್ಪ ಕೆಲಸ ಮಾಡ್ತಿದ್ದ ಶೆಡ್ಡಿನಲ್ಲಿ ವಿಷಯ ಗೊತ್ತಾದ ಮಾರನೇ ದಿನ ಟೀ ಕುಡಿಯಲು ಅವನಿಗೊಂದು ಲೋಟ ಬೇರೆ ಆಯ್ತು, ಕಿಟಕಿಯ ಮೇಲೆ. ಇಟ್ಟವರು ಮೇಲ್ಜಾತಿಯವರಲ್ಲ, ಪಕ್ಕದ ತೊಟ್ಟಿಯಲ್ಲಿ ಅದೇ ಆಸಿಡ್ಡು ಕುಡಿದ ನಮ್ಮಂಥೋರೇ. ಊರಿನ ಹೋಟೆಲಿನಲ್ಲಿ ಚಿಪ್ಪು ಹಿಡಿದು ಕುಡಿದು, ಆ ಲೋಟದಿಂದ ತಪ್ಪಿಸಿಕೊಳ್ಳಲು ನೂರು ಕಿಲೋಮೀಟರು ಓಡಿ ಬಂದವನು ಅಪ್ಪ. ಅದು ಮೆಡಿಕಲ್ ಸರ್ಟಿಫಿಕೇಟು ಹಿಡಿದುಕೊಂಡು ಹಿಂದೆಯೇ ಬಂತು. ಅವತ್ತು ರಾತ್ರಿ ಅವನು ಗಡ್ಡೆಯ ಬಗ್ಗೆ ಮಾತಾಡಲಿಲ್ಲ, ಲೋಟದ ಬಗ್ಗೆ ಮಾತಾಡಿದ.

ಎರಡನೇ ಆಸ್ಪತ್ರೆಯಲ್ಲಿ ಸಿಕ್ಕವರೇ ಆ ನಗದ ಡಾಕ್ಟ್ರು. ಚೀಟಿಯ ಹಿಂದೆ ಪೆನ್ನಲ್ಲಿ ಈಲಿಯ ಚಿತ್ರ ಬರೆದು ತೋರಿಸಿದರು. ಗಡ್ಡೆ ಹನ್ನೊಂದು ಸೆಂಟಿಮೀಟರು, ಬಲಗಡೆ. ಅದರ ಬಾಲ ಪೋರ್ಟಲ್ ರಕ್ತನಾಳದ ಒಂದು ಕವಲಿನೊಳಗೆ ನುಗ್ಗಿತ್ತು. ಇಂಥ ಸ್ಥಿತಿಗೆ ಪಶ್ಚಿಮದ ಡಾಕ್ಟ್ರುಗಳ ಪಟ್ಟಿಯಲ್ಲಿ ಕತ್ತಿಗೆ ಜಾಗವೇ ಇಲ್ಲ, ಔಷಧಿ ಕೊಟ್ಟು ತಿಂಗಳು ಎಣಿಸೋದು ಅಷ್ಟೇ. ಏಷ್ಯಾದ ಡಾಕ್ಟ್ರುಗಳು, ಮುಖ್ಯವಾಗಿ ಹೆಪಟೈಟಿಸ್ ಬಿ ಬೀಡುಬಿಟ್ಟಿರುವ ಚೀನಾದವರು, ಅಷ್ಟಕ್ಕೇ ಕೈ ಚೆಲ್ಲಲಿಲ್ಲ. ಅವರ ಉಪಾಯ ನೋಡಿ. ಆರೋಗ್ಯವಾಗಿರುವ ಈಲಿಗೆ ಮುಕ್ಕಾಲು ಪಾಲು ರಕ್ತ ಬರೋದು ಕರುಳಿನಿಂದ ಬರುವ ಪೋರ್ಟಲ್ ನಾಳದಿಂದ. ಗಡ್ಡೆ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಅಪಧಮನಿಯ ರಕ್ತ ಕುಡಿದು ಬೆಳೆಯುತ್ತೆ. ಅಂದಮೇಲೆ ಕೀಮೋ ಮದ್ದನ್ನು ಕೈಯ ನರಕ್ಕೆ ಹಾಕಿ ಮೈಗೆಲ್ಲ ಹರಡುವ ಬದಲು ತೊಡೆಸಂದಿಯಿಂದ ಸಣ್ಣ ಕೊಳವೆ ಏರಿಸಿ, ಸೀದಾ ಈಲಿಯ ಅಪಧಮನಿಗೆ ಬಿಟ್ಟರೆ? ಗಡ್ಡೆಯ ಹಳ್ಳಕ್ಕೇ ಮದ್ದು ಬಿಟ್ಟ ಹಾಗೆ. ಮದ್ದು ಬಿಟ್ಟು ನಾಳಕ್ಕೆ ಅಡ್ಡ ಕಟ್ಟೆ ಕಟ್ಟುವ ವಿಧಾನ ಒಂದು, ಎರಡು ದಿನ ತೊಟ್ಟು ತೊಟ್ಟಾಗಿ ಹರಿಸುವ ವಿಧಾನ ಇನ್ನೊಂದು. ಗಡ್ಡೆ ಕುಗ್ಗಿ, ಬಾಲ ಮುದುರಿ, ಉಳಿದ ಈಲಿ ಗಟ್ಟಿಯಿದ್ದರೆ, ಆಗ ಕತ್ತಿ. ಕತ್ತರಿಸಿದ ಈಲಿ ಬೆಳೆಯುತ್ತೆ, ಅದೊಂದು ಅಂಗಕ್ಕೆ ಆ ಗುಣ ಇದೆ.

ಗುವಾಂಗ್‌ಜೌ ಊರಿನ ಡಾಕ್ಟ್ರುಗಳು 2022ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯ ಲೆಕ್ಕ ಹೇಳ್ತೀನಿ. ಮುಂದುವರಿದ ಲಿವರ್ ಕ್ಯಾನ್ಸರಿನ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೊರಾಫೆನಿಬ್ ಅನ್ನುವ ಮಾತ್ರೆ, ಇನ್ನೊಂದಕ್ಕೆ ಅಪಧಮನಿಯ ಮೂಲಕ ಆಕ್ಸಾಲಿಪ್ಲಾಟಿನ್, ಫ್ಲೋರೋಯುರಾಸಿಲ್. ಮಾತ್ರೆಯವರು ನಡುಲೆಕ್ಕದಲ್ಲಿ 8.2 ತಿಂಗಳು ಬದುಕಿದರು, ಅಪಧಮನಿಯವರು 13.9 ತಿಂಗಳು. ಅಪಧಮನಿಯ ಮದ್ದು ತೆಗೆದುಕೊಂಡ 130 ಜನರಲ್ಲಿ 16 ಜನರ ಗಡ್ಡೆ ಹಿಂದಿನ ಹಂತಕ್ಕೆ ಇಳಿಯಿತು. ಅವರಲ್ಲಿ 15 ಜನರಿಗೆ ಆಪರೇಷನ್ನು, ಇಲ್ಲವೇ ಗಡ್ಡೆ ಸುಡುವ ಚಿಕಿತ್ಸೆ ಸಿಕ್ಕಿತು. ನೂರಕ್ಕೆ ಹನ್ನೆರಡು. ದೊಡ್ಡ ಸಂಖ್ಯೆ ಅಲ್ಲ, ಎಲ್ಲ ದೇಶಗಳೂ ಇದನ್ನು ಒಪ್ಪಿಕೊಂಡಿಲ್ಲ. ಪವಾಡ ಮಾರುವವರ ಸಾಲಿಗೆ ನಾನು ಸೇರೋದಿಲ್ಲ. ಆದರೆ ಮುಂದುವರಿದದ್ದು ಹಿಂದಕ್ಕೆ ಬರಬಹುದು ಅನ್ನೋದು ಆ ಹದಿನಾರು ಜನರ ಮೈಮೇಲೆ ಬರೆದಿದೆ.

ಇಲ್ಲೇ ಕಣ್ರೀ ನನಗೆ ಸಿಟ್ಟು ಬಂದದ್ದು. ಆ ಮದ್ದುಗಳ ಹೆಸರು ಮತ್ತೆ ಓದಿ. ಫ್ಲೋರೋಯುರಾಸಿಲ್ 1950ರ ದಶಕದ್ದು. ಆಕ್ಸಾಲಿಪ್ಲಾಟಿನ್ನಿನ ಪೇಟೆಂಟು ಎಂದೋ ಮುಗಿದಿದೆ. ಎರಡೂ ಹಳೇ ಮದ್ದು, ನಮ್ಮ ದೇಶದ ಕಂಪನಿಗಳು ಅಗ್ಗಕ್ಕೆ ಮಾಡುವಂಥವು. ಕೊಳವೆ ಏರಿಸುವ ಕೈ ಬೇಕು, ಯಂತ್ರ ಬೇಕು, ಹಾಸಿಗೆ ಬೇಕು. ಅದನ್ನೆಲ್ಲ ಕಟ್ಟಲು ಬೆಂಗಳೂರಿಗೆ ಬರದ ವಿದ್ಯೆಯಲ್ಲ. ನಮ್ಮಪ್ಪನಲ್ಲಿ ಇಲ್ಲದ್ದು ದಿನ. ಮೂರು ವಾರಕ್ಕೊಮ್ಮೆ ಮೂರು ದಿನ ಹಾಸಿಗೆ, ಮಧ್ಯದಲ್ಲಿ ರಕ್ತ ಪರೀಕ್ಷೆಗೆ ಒಂದು ದಿನ, ಸ್ಕ್ಯಾನಿಗೆ ಒಂದು ದಿನ, ಹೀಗೆ ನಾಲ್ಕೈದು ತಿಂಗಳು, ಆಮೇಲೆ ಆಪರೇಷನ್ನು, ಆಮೇಲೆ ಎರಡು ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ. ಮದ್ದು ಮತ್ತು ಕತ್ತಿ ಕೂಡಬೇಕಾದರೆ ದಿನಕ್ಕೆ ದಿನ ಕೂಡಬೇಕು. ಗುತ್ತಿಗೆ ಪದ್ಧತಿ ಹುಟ್ಟಿರೋದೇ ದಿನಕ್ಕೆ ದಿನ ಕೂಡದ ಹಾಗೆ ನೋಡಿಕೊಳ್ಳೋದಕ್ಕೆ!

ಇಎಸ್‌ಐ ಇದೆಯಲ್ಲ ಅಂತೀರಿ. ಇದೆ. ಅದು ಯಾರೂ ಕೊಟ್ಟ ದಾನ ಅಲ್ಲ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಇಲಾಖೆ ಹೊತ್ತಿದ್ದ ಕಾಲದಲ್ಲಿ ಅಡಾರ್ಕರ್ ವರದಿ ಬಂತು, 1944ರಲ್ಲಿ. ಅದರಿಂದ 1948ರ ಕಾಯಿದೆ. ಕಾರ್ಮಿಕನ ಕೂಲಿಯಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ. ಕ್ಯಾನ್ಸರಿನಂಥ 34 ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಕೂಲಿಯ ನೂರಕ್ಕೆ 80 ಭಾಗ ಮನೆಗೆ ಬರುತ್ತೆ. ಓದಿದಾಗ ನನಗೆ ಕಣ್ಣು ತುಂಬಿ ಬಂತು, ಇಂಥದ್ದೊಂದು ಈ ದೇಶದಲ್ಲಿದೆ ಅಂತ. ಮುಂದಿನ ಸಾಲು ಓದಿದೆ: ಎರಡು ವರ್ಷ ವಿಮೆಯಡಿ ಕೆಲಸ ಮಾಡಿರಬೇಕು, 156 ದಿನಗಳ ವಂತಿಗೆ ಕಟ್ಟಿರಬೇಕು.

ಅಪ್ಪ ಒಂದೇ ಶೆಡ್ಡಿನಲ್ಲಿ, ಒಂದೇ ತೊಟ್ಟಿಯ ಮುಂದೆ ಒಂಬತ್ತು ವರ್ಷ ನಿಂತಿದ್ದ. ಅಷ್ಟರಲ್ಲಿ ನಾಲ್ಕು ಕಂಟ್ರಾಕ್ಟರು ಬದಲಾಗಿದ್ದರು. ಪ್ರತಿಯೊಬ್ಬನೂ ಅಪ್ಪನನ್ನು ಹೊಸದಾಗಿ ಹುಟ್ಟಿಸಿದ, ಹೊಸ ನಂಬರು, ಹೊಸ ಕಾರ್ಡು. ಕೊನೆಯವನು ಸಂಬಳದಿಂದ ವಂತಿಗೆ ಹಿಡಿದುಕೊಂಡಿದ್ದ, ಕಟ್ಟಿರಲಿಲ್ಲ. ಕಿಟಕಿಯ ಗುಮಾಸ್ತರು ಕಂಪ್ಯೂಟರು ತಿರುಗಿಸಿ ತೋರಿಸಿದರು: 61 ದಿನ. ಅವರದ್ದು ತಪ್ಪಿಲ್ಲ, ಇದ್ದದ್ದನ್ನು ಓದಿದರು. ಹತ್ತೊಂಬತ್ತು ವರ್ಷದ ದುಡಿಮೆಯಲ್ಲಿ ಕಾಗದದ ಮೇಲೆ ನಮ್ಮಪ್ಪ ಬದುಕಿದ್ದದ್ದು 61 ದಿನ.

ಊರಿನ ರೇಷನ್ ಕಾರ್ಡು ಕೈ ಹಿಡಿಯಿತು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರೆಫರಲ್ ಚೀಟಿಗಾಗಿ ಊರಿಗೂ ಬೆಂಗಳೂರಿಗೂ ಓಡಾಡಿ ಎರಡು ವಾರ ಕಳೆದವು, ಆದರೂ ಸಿಕ್ಕಿತು, ಸುಳ್ಳು ಹೇಳಬಾರದು. ಆ ಕಾರ್ಡು ಆಸ್ಪತ್ರೆಯ ಬಿಲ್ಲು ಕಟ್ಟುತ್ತೆ. ಮನೆ ಬಾಡಿಗೆ ಕಟ್ಟಲ್ಲ, ಅಕ್ಕಿ ತರಲ್ಲ, ಹೋದ ಕೂಲಿ ಕೊಡಲ್ಲ. ಕೂಲಿ ಕೊಡುವ ಕಾರ್ಡಿಗೆ ಅಪ್ಪ ಹುಟ್ಟೇ ಇಲ್ಲ. ಒಬ್ಬನೇ ಮನುಷ್ಯನ ಮೈ ಒಂದು ಇಲಾಖೆಗೆ, ಹೊಟ್ಟೆ ಇನ್ನೊಂದು ಇಲಾಖೆಗೆ. ಮೊದಲ ಸಲ ಮದ್ದು ಹರಿಸಿದರು, ಎರಡನೇ ಸಲ ಹರಿಸಿದರು. ಸ್ಕ್ಯಾನಿನಲ್ಲಿ ಹನ್ನೊಂದು ಇದ್ದದ್ದು ಎಂಟೂವರೆಗೆ ಇಳಿದಿತ್ತು. ಡಾಕ್ಟ್ರು ಅದೇ ಚಿತ್ರದ ಮೇಲೆ ಒಳಗೊಂದು ಸಣ್ಣ ಸುತ್ತು ಹಾಕಿ ‘ಇನ್ನೆರಡು ಸಲ, ಆಮೇಲೆ ಸರ್ಜನ್ನಿಗೆ ತೋರಿಸೋಣ’ ಅಂದರು. ಮೂರನೇ ಸಲದ ಹಿಂದಿನ ದಿನ ಕಂಟ್ರಾಕ್ಟರು ಫೋನು ಮಾಡಿದ: ನಾಳೆ ಬರದಿದ್ದರೆ ಬೇರೆಯವನನ್ನು ಹಾಕ್ತೀನಿ. ಅಪ್ಪ ನಮಗೆ ಹೇಳದೆ ಕೆಲಸಕ್ಕೆ ಹೋದ. ನಾನು ಆಗ ತುಮಕೂರಿನಲ್ಲಿ ಪರೀಕ್ಷೆ ಬರೀತಾ ಇದ್ದೆ. ಏಳು ವಾರ ಬಿಟ್ಟು ಕಣ್ಣು ಅರಿಶಿನವಾದಾಗ ಅವ್ವ ಎಳಕೊಂಡು ಹೋದಳು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಉಳಿದ ಈಲಿ ಇನ್ನು ಕತ್ತಿಯನ್ನೂ ತಾಳಲ್ಲ, ಮದ್ದನ್ನೂ ತಾಳಲ್ಲ ಅಂದರು. 2023ರ ಶುರುವಿನಲ್ಲಿ ಹೋದ. ಮೂರನೇ ಸಲ ತಪ್ಪದಿದ್ದರೆ ಉಳೀತಿದ್ದ ಅಂತ ನಾನು ಹೇಳೋದಿಲ್ಲ. ನೂರಕ್ಕೆ ಹನ್ನೆರಡು. ಆ ಹನ್ನೆರಡರ ಸಾಲಿನಲ್ಲಿ ನಿಲ್ಲಲು ಬಿಡಲಿಲ್ಲ, ಅಷ್ಟೇ ನನ್ನ ತಕರಾರು.

ಈಗ ಆ ಸೊರಾಫೆನಿಬ್ ಮಾತ್ರೆಯ ಕತೆ. ನಮ್ಮ ಹುಡುಗರಿಗೆ ಇದು ಗೊತ್ತಿರಬೇಕು. ಜರ್ಮನಿಯ ಬೇಯರ್ ಕಂಪನಿ ಅದನ್ನು ನೆಕ್ಸಾವರ್ ಅನ್ನುವ ಹೆಸರಲ್ಲಿ ಮಾರುತ್ತಿತ್ತು, ಒಂದು ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರ ರೂಪಾಯಿ. 2008ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದು ತೋರಿಸಿದ್ದು 7.9 ತಿಂಗಳು ಇದ್ದದ್ದು 10.7 ತಿಂಗಳಾಯ್ತು ಅಂತ. ಮೂರು ತಿಂಗಳೂ ಇಲ್ಲದ ಆಯಸ್ಸಿಗೆ ಅಷ್ಟು ಬೆಲೆ. ಹೈದರಾಬಾದಿನ ನಾಟ್ಕೊ ಕಂಪನಿ ಸರ್ಕಾರದ ಮುಂದೆ ಹೋಯ್ತು. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕ ಪಿ.ಎಚ್. ಕುರಿಯನ್ ಈ ದೇಶದ ಮೊದಲ ಕಡ್ಡಾಯ ಲೈಸನ್ಸಿಗೆ ಸಹಿ ಹಾಕಿದರು. ಬೆಲೆ 8,880 ರೂಪಾಯಿಗೆ ಇಳಿಯಿತು. ಬೇಕಾಗಿದ್ದವರಲ್ಲಿ ನೂರಕ್ಕೆ ಎರಡು ಚಿಲ್ಲರೆ ಜನರಿಗೆ ಮಾತ್ರ ಆ ಔಷಧಿ ಮುಟ್ಟಿತ್ತು ಅನ್ನೋದು ಆದೇಶದಲ್ಲೇ ಇದೆ. ಬೇಯರ್ ಕೋರ್ಟು ಕೋರ್ಟು ಅಲೆಯಿತು, ಬೊಂಬಾಯಿ ಹೈಕೋರ್ಟು 2014ರಲ್ಲಿ ಆದೇಶವನ್ನು ಎತ್ತಿಹಿಡಿಯಿತು. ಮಧ್ಯೆ 2013ರ ಡಿಸೆಂಬರಿನಲ್ಲಿ ಕಂಪನಿಯ ಮುಖ್ಯಸ್ಥ ಮರೈನ್ ಡೆಕ್ಕರ್ಸ್, ಈ ಔಷಧಿಯನ್ನು ಭಾರತೀಯರಿಗೆ ಅಂತ ಮಾಡಿದ್ದಲ್ಲ, ಬೆಲೆ ಕೊಡಬಲ್ಲ ಪಶ್ಚಿಮದ ರೋಗಿಗಳಿಗೆ ಅಂತ ಮಾಡಿದ್ದು ಅನ್ನೋ ಅರ್ಥದ ಮಾತಾಡಿದರು. ಗಲಾಟೆಯಾದ ಮೇಲೆ ಸಮಜಾಯಿಷಿ ಕೊಟ್ಟರು. ನನಗೆ ಆ ಮನುಷ್ಯನ ಮೇಲೆ ಅಷ್ಟು ಸಿಟ್ಟಿಲ್ಲ. ಕೆರೆ ನಮ್ಮದು, ನೀರು ನಿಮಗಲ್ಲ ಅನ್ನೋ ಮಾತನ್ನು ನಾವು ಇಂಗ್ಲಿಷಿಗಿಂತ ಮುಂಚೆ ಕನ್ನಡದಲ್ಲೇ ಕೇಳಿದ್ದೀವಿ. ನನ್ನ ಸಿಟ್ಟು ನಮ್ಮವರ ಮೇಲೆ. 2012ರ ನಂತರ ಈ ದೇಶ ಇನ್ನೊಂದು ಔಷಧಿಗೆ ಅಂಥ ಲೈಸನ್ಸು ಕೊಟ್ಟಿಲ್ಲ. ಒಂದು ಸಹಿಯಿಂದ ಏನಾಗುತ್ತೆ ಅಂತ ಗೊತ್ತಾದ ಮೇಲೂ ಪೆನ್ನು ಮುಚ್ಚಿಟ್ಟರು.

ಯಾಕೆ ಹೇಳಿದೆ ಅಂದ್ರೆ, 2020ರ ನಂತರ ಮುಂದುವರಿದ ಲಿವರ್ ಕ್ಯಾನ್ಸರಿಗೆ ಜಗತ್ತು ಮೊದಲು ಕೊಡುವ ಮದ್ದುಗಳಲ್ಲಿ ಒಂದು ಜೋಡಿ ಇದೆ, ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್. ಸೊರಾಫೆನಿಬ್ಬಿನ 13.4 ತಿಂಗಳ ಎದುರು ಈ ಜೋಡಿ 19.2 ತಿಂಗಳು ಕೊಟ್ಟಿತು. ಅದರಲ್ಲಿ ಬೆವಾಸಿಜುಮಾಬನ್ನು ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ ತಯಾರಿಸಿ 2017ರಲ್ಲಿ ದೇಶದ ಮಾರುಕಟ್ಟೆಗೆ ಬಿಟ್ಟಿತು. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಪಟ್ಟಿಯಲ್ಲಿ ಬೆಳೆದ ಕಂಪನಿ ಅದು. ಅದೇ ಪಟ್ಟಿಯಲ್ಲಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೂ ಇದೆ. 2025ರ ಆಗಸ್ಟಿನಿಂದ ಅಲ್ಲಿಗೆ ಮೆಟ್ರೊ ರೈಲು ಹೋಗುತ್ತೆ. ಮದ್ದು ಇಲ್ಲಿ ಹುಟ್ಟುತ್ತೆ, ಕತ್ತಿ ಇಲ್ಲಿದೆ, ರೈಲು ಬಂದಿದೆ. ಜೋಡಿಯ ಇನ್ನೊಂದು ಮದ್ದಿನ ಒಂದು ಸಲದ ಬೆಲೆ ಲಕ್ಷ ದಾಟುತ್ತೆ, ಮೂರು ವಾರಕ್ಕೊಮ್ಮೆ ಹಾಕಬೇಕು. ಆ ರೈಲಿನ ಬೋಗಿ ಒರೆಸುವ ಹೆಂಗಸಿನ ಎಷ್ಟು ತಿಂಗಳ ಸಂಬಳ ಅಂತ ಮೇಷ್ಟ್ರುಗಳು ಮಕ್ಕಳಿಗೆ ಲೆಕ್ಕ ಕೊಡಬಹುದು.

ಇದಕ್ಕೆಲ್ಲ ನಮ್ಮ ಕಡೆ ಬರುವ ಉತ್ತರ ಒಂದೇ: ಅರಿವಿನ ಕೊರತೆ. ವರ್ಷಕ್ಕೊಮ್ಮೆ ಬಣ್ಣದ ಟೀ ಶರ್ಟು ಹಾಕಿಕೊಂಡು ಐಟಿ ಪಾರ್ಕಿನ ಸುತ್ತ ಓಡ್ತಾರೆ, ಅರಿವು ಮೂಡಿಸ್ತಾರೆ. ಓಡಿದವರ ಬೆವರು ಬಿದ್ದ ನೆಲ ಒರೆಸುವವನಿಗೆ ಅರಿವಿಲ್ಲವಂತೆ! ಕಂಪನಿಯ ಒಳಗೆ ಕಂಪ್ಯೂಟರಿನ ಮುಂದೆ ಕೂತವರಿಗೆ ಎಷ್ಟೋ ಕಡೆ ವರ್ಷಕ್ಕೊಮ್ಮೆ ಹೊಟ್ಟೆಯ ಸ್ಕ್ಯಾನ್ ಸಮೇತ ಪೂರಾ ಮೈ ಪರೀಕ್ಷೆ ಆಗುತ್ತೆ, ಕಂಪನಿ ಖರ್ಚಿನಲ್ಲಿ. ಅವರ ಅರಿವನ್ನು ಯಾರೂ ಕೇಳಿಲ್ಲ, ಸ್ಕ್ಯಾನ್ ಮಾಡಿಸಿದರು, ಗಡ್ಡೆ ಎರಡು ಸೆಂಟಿಮೀಟರಿದ್ದಾಗಲೇ ಸಿಕ್ಕಿತು. ಅಷ್ಟರಲ್ಲೇ ಸಿಕ್ಕರೆ ಕತ್ತಿಯೊಂದೇ ಸಾಕಾಗಬಹುದು, ಇಷ್ಟೆಲ್ಲ ಜೋಡಣೆಯೇ ಬೇಡ. ಅದೇ ಮಹಡಿಯಲ್ಲಿ ಅದೇ ಶೌಚಾಲಯ ತೊಳೆಯುವವನ ಹೊಟ್ಟೆಯ ಮೇಲೆ ಆ ಯಂತ್ರ ಬರೋದು ಗಡ್ಡೆ ಕೈಗೆ ಸಿಗುವಾಗ. ರೋಗ ಮುಂದುವರಿಯೋದು ಹೀಗೆ.

ಬೇಕಾದದ್ದೇನು ಅಂತ ಕೇಳುವವರಿಗೆ ಹೇಳ್ತೀನಿ, ಕ್ರಾಂತಿಯ ಮಾತು ಆಮೇಲೆ. ಕಂಟ್ರಾಕ್ಟರು ಯಾರೇ ಬರಲಿ, ಕಾರ್ಮಿಕನ ವಿಮೆಯ ನಂಬರು ಒಂದೇ ಇರಬೇಕು. ಹಿಡಿದ ವಂತಿಗೆ ಕಟ್ಟದಿದ್ದರೆ ಅದರ ಭಾರ ಮೂಲ ಕಂಪನಿಯ ತಲೆ ಮೇಲೆ ಬೀಳಬೇಕು, ಕಾರ್ಮಿಕನ ದಿನ ಕಳೆಯಬಾರದು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಪುಕ್ಕಟೆ ತಪಾಸಣೆ ಅಂತ ಕೇಂದ್ರ ಸರ್ಕಾರ ಡಂಗುರ ಹೊಡೆಯಿತು. ಒಳ್ಳೇದು. ಆ ತಪಾಸಣೆ ಅಂದರೆ ಬಿಪಿ ನೋಡಿ ಬೆನ್ನು ತಟ್ಟಿ ಕಳಿಸೋದಾ? ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಅದರಲ್ಲಿ ಇರಬೇಕು, ಗುತ್ತಿಗೆಯವರಿಗೂ ಇರಬೇಕು, ನಲವತ್ತರ ಕೆಳಗಿನವರಿಗೂ ಇರಬೇಕು. ವೈರಸ್ಸು ಇದ್ದವರಿಗೆ ಡಾಕ್ಟ್ರು ಬರೆದರೆ ಮಾತ್ರೆ ಪುಕ್ಕಟೆ ಸಿಗುತ್ತೆ, 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಇದೆ. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆಸ್ಪತ್ರೆಯ ಕಸ ಮುಟ್ಟುವವರಿಗೆ ಲಸಿಕೆ ಹಾಕಿಸಬೇಕು ಅಂತ 2016ರ ನಿಯಮದಲ್ಲೇ ಇದೆ. ಮನೆ ಕಸದ ಚೀಲದಲ್ಲೂ ಸೂಜಿ ಇರುತ್ತೆ ಸ್ವಾಮಿ, ಕಸದ ಆಟೊದ ಹುಡುಗರ ಬೆರಳು ನೋಡಿ ಬನ್ನಿ.

ಅಪ್ಪ ಹೋದ ಮೇಲೆ ಮನೆಯವರೆಲ್ಲ ರಕ್ತ ಕೊಟ್ಟೆವು. ಅವ್ವನಿಗೆ ಇಲ್ಲ, ನನಗಿಲ್ಲ, ಇಬ್ಬರೂ ಲಸಿಕೆ ಹಾಕಿಸಿಕೊಂಡೆವು. ತಮ್ಮನಿಗೆ ಇದೆ. ಇಪ್ಪತ್ತೆರಡು ವರ್ಷ, ವೈಟ್‌ಫೀಲ್ಡಿನ ಒಂದು ಕಟ್ಟಡದಲ್ಲಿ ಹೌಸ್‌ಕೀಪಿಂಗು. ಅವನ ಈಲಿ ಈಗ ಚೆನ್ನಾಗಿದೆ, ಮಾತ್ರೆ ಇನ್ನೂ ಬೇಡ, ಆದರೆ ತಪ್ಪದೆ ತೋರಿಸಿಕೊಳ್ತಾ ಇರಿ, ಆರು ತಿಂಗಳಿಗೊಮ್ಮೆ ರಕ್ತ ಮತ್ತು ಸ್ಕ್ಯಾನು ಮಾಡಿಸಿ ಅಂದಿದ್ದಾರೆ. ಮನೆಯಲ್ಲಿ ಅವನ ಲೋಟ ಬೇರೆ ಇಲ್ಲ. ಹೋದ ತಿಂಗಳು ಅಲ್ಲಿ ಕಂಟ್ರಾಕ್ಟರು ಬದಲಾದ, ತಮ್ಮನಿಗೆ ಹೊಸ ಕಾರ್ಡು ಬಂದಿದೆ, ದಿನ ಮತ್ತೆ ಒಂದರಿಂದ ಶುರು. ಸ್ಕ್ಯಾನಿಗೆ ಅಂತ ಒಂದು ದಿನ ರಜ ಕೇಳಿದ್ದಕ್ಕೆ ‘ಹೊಸಬನಿಗೆ ರಜ ಇಲ್ಲ’ ಅಂದರಂತೆ. ಅದೇ ಕಟ್ಟಡದಲ್ಲಿ ಅವನು ಮೂರು ವರ್ಷದಿಂದ ಇದ್ದಾನೆ. ಅವನ ಜೊತೆಗೆ ಹಳೇ ನಂಬರು ಕಳಕೊಂಡವರು ಇನ್ನೂ ಹದಿನಾಲ್ಕು ಜನ ಇದ್ದಾರೆ. ಎಲ್ಲರ ಎರಡೂ ಕಾರ್ಡುಗಳ ಜೆರಾಕ್ಸು ತೆಗೆಸಿದ್ದೀವಿ. ಬರುವ ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಮುಂದೆ ನಿಲ್ಲುತ್ತೀವಿ.